ಮುಖದ ಎಡ-ಬಲ ಅಳತೆ: ಫೋಟೋಗೊಂದು ಉತ್ತರ ಬರ್ತಿದೆ, ಏನ್ ಮಾಡೋದು?

ಸಿರುಗುಪ್ಪ_ಕೋಡರ್:
ತಲೆ ಕೆಟ್ಟು ಹೋಗಿದೆ. ಮೀಡಿಯಾಪೈಪ್ ಅನ್ನೋ ಸಾಫ್ಟ್‌ವೇರ್ ಲೈಬ್ರರಿಯ ಫೇಸ್ ಮೆಶ್ (ಫೋಟೋದಲ್ಲಿ ಮುಖದ ಮೇಲೆ 468 ಪಾಯಿಂಟ್ ಗುರುತಿಸುತ್ತೆ) ಹಾಕಿ ನನ್ನ ಮುಖದ ಎಡ-ಬಲ ವ್ಯತ್ಯಾಸ ಅಳೀತಿದ್ದೀನಿ. ಮೂಗಿನ ತುದಿಯಿಂದ ಎರಡೂ ಕಣ್ಣಿನ ಹೊರತುದಿಗೆ ಎಷ್ಟು ದೂರ, ಅಷ್ಟೇ. ಒಂದು ಫೋಟೋದಲ್ಲಿ ಎಡ ಜಾಸ್ತಿ, ಇನ್ನೊಂದರಲ್ಲಿ ಬಲ ಜಾಸ್ತಿ. ಅದೇ ಮುಖ, ಅದೇ ಕೋಡ್. ಲೈಬ್ರರಿಯಲ್ಲೇ ಬಗ್ ಇದೆಯಾ?

ರಾಯಚೂರು_ಬಿಸಿಲು:
ಬೆಳಕು ಸರ್, ಬೆಳಕು. ನಮ್ಮ ಕಡೆ ಬಿಸಿಲಿಗೆ ಅರ್ಧ ಮುಖ ಬೆಳ್ಳಗೆ, ಇನ್ನರ್ಧ ಕಪ್ಪಗೆ ಬರುತ್ತೆ. ನೆರಳಲ್ಲಿ ತೆಗೀರಿ.

ಸಿರುಗುಪ್ಪ_ಕೋಡರ್:
ನೆರಳಲ್ಲೇ ತೆಗೆದಿದ್ದು.

ರಾಯಚೂರು_ಬಿಸಿಲು:
ಹಾಗಾದ್ರೆ ಪಕ್ಕದಲ್ಲಿ ಬಿಳಿ ಗೋಡೆ ಇರ್ಬೇಕು. ಬೆಳಕೇ.

ಬಳ್ಳಾರಿ_ಜೀನ್ಸ್_ಮಾಸ್ಟರ್:
ನಾವು ಟೇಪ್ ಹಿಡಿಯೋರು. ಒಂದು ಭುಜ ಇಳಿದಿರೋ ಗಿರಾಕಿ ಬರ್ತಾನೇ ಇರ್ತಾರೆ. ಆದ್ರೆ ಸ್ವಲ್ಪ ತಿರುಗಿ ನಿಂತ್ರೂ ಅಳತೆ ಕೆಡುತ್ತೆ. ಕತ್ತು ನೇರ ಇತ್ತೇನಪ್ಪಾ?

ಕೊಪ್ಪಳ_ಲೆನ್ಸ್:
ಮಾಸ್ಟರ್ ಹೇಳಿದ್ದು ಸರಿ. ಮೂಗಿನ ತುದಿ ಮುಂದೆ ಚಾಚಿರೋದ್ರಿಂದ ತಲೆ ಒಂಚೂರು ತಿರುಗಿದ್ರೂ ಅದೇ ಜಾಸ್ತಿ ಸರಿಯುತ್ತೆ. ಎರಡು ಕಣ್ಣಿನ ಒಳತುದಿಗಳ ನಡುವಿನ ಬಿಂದು ಹಿಡೀರಿ. ಇನ್ನೊಂದು ಪ್ರಶ್ನೆ. ಕಡೆ ಬದಲಾದ್ರೂ ಅಂತರ ಹತ್ತತ್ರ ಅಷ್ಟೇ ಇದೆಯಾ? ಇದ್ರೆ ಸೆಲ್ಫಿ ಕ್ಯಾಮೆರಾದ ಕೆಲಸ. ಕೆಲವು ಫೋನ್ ಕನ್ನಡೀಲಿ ಕಂಡಂತೆ ಎಡ-ಬಲ ತಿರುಗಿಸಿ ಸೇವ್ ಮಾಡುತ್ವೆ. ಶರ್ಟಿನ ಜೇಬು ಎದೆಯ ಎಡಕ್ಕೆ ಇರುತ್ತಲ್ವಾ? ಫೋಟೋ ನೋಡೋವಾಗ ಅದು ನಿಮ್ಮ ಬಲಗಡೆ ಕಾಣ್ಬೇಕು. ಎಡಗಡೆ ಕಂಡ್ರೆ ಫೋಟೋ ತಿರುಗಿದೆ.

ಸಿರುಗುಪ್ಪ_ಕೋಡರ್:
ಅಂತರ ಹೆಚ್ಚುಕಡಿಮೆ ಅಷ್ಟೇ. ಅರ್ಧ ಸೆಲ್ಫಿ, ಉಳಿದಿದ್ದು ನನ್ನ ತಮ್ಮ ಫೋನಿನ ಹಿಂಬದಿ ಕ್ಯಾಮೆರಾದಲ್ಲಿ ತೆಗೆದಿದ್ದು. ಅದನ್ನೂ ಹೇಳ್ಬೇಕಿತ್ತಾ? ಎಲ್ಲದ್ರಲ್ಲೂ ಟೀ ಶರ್ಟು, ಜೇಬೇ ಇಲ್ಲ.

ರಾಯಚೂರು_ಬಿಸಿಲು:
ಬಿಳಿ ಟೀ ಶರ್ಟಾ? ಗದ್ದಕ್ಕೆ ಬೆಳಕು ಹೊಡೆಯುತ್ತೆ.

ಬಳ್ಳಾರಿ_ಜೀನ್ಸ್_ಮಾಸ್ಟರ್:
ಮುಖದಲ್ಲಿ ಮಚ್ಚೆ ಇದ್ರೆ ಅದನ್ನ ನೋಡಪ್ಪಾ. ಆಮೇಲೆ ಅಂಕಿ ಮಿಲಿಮೀಟರ್‌ನಲ್ಲಿ ಹಾಕು, ಪಿಕ್ಸೆಲ್ ಯಾರಿಗೆ ಬೇಕು?

ಕೊಪ್ಪಳ_ಲೆನ್ಸ್:
ಮಿಲಿಮೀಟರ್ ಯಾಕೆ? ಬಂದ ಅಂತರವನ್ನ ಎರಡು ಕಣ್ಣಿನ ಹೊರತುದಿಗಳ ನಡುವಿನ ದೂರದಿಂದ ಭಾಗಿಸಿದ್ರೆ ಸಾಕು.

ಬಳ್ಳಾರಿ_ಜೀನ್ಸ್_ಮಾಸ್ಟರ್:
ಭಾಗಿಸಿದ ಅಂಕಿಯಿಂದ ಬಟ್ಟೆ ಕತ್ತರಿಸೋಕಾಗಲ್ಲ.

ಕೊಪ್ಪಳ_ಲೆನ್ಸ್:
ಇಲ್ಲಿ ಯಾರೂ ಬಟ್ಟೆ ಕತ್ತರಿಸ್ತಿಲ್ಲ ಸರ್. ಬೇಕೇ ಬೇಕು ಅಂದ್ರೆ ಐರಿಸ್ (ಕಣ್ಣಿನ ಬಣ್ಣದ ವೃತ್ತ) ಅಗಲ ದೊಡ್ಡವರಲ್ಲಿ ಸುಮಾರು 11.7 ಮಿ.ಮೀ., ಅದರಿಂದ ಲೆಕ್ಕ ಹಾಕ್ಬಹುದು. ಕೋಡರ್, ಒಂದೇ ಫೋಟೋ ನಂಬ್ಬೇಡಿ. ಎಡ-ಬಲ ವ್ಯತ್ಯಾಸ ಎಷ್ಟು ಸಣ್ಣದು ಅಂದ್ರೆ ಅಳತೆಯ ತಪ್ಪೇ ಅದರಷ್ಟು ಇರ್ಬಹುದು. ಜೀವಿಗಳ ಎಡ-ಬಲ ವ್ಯತ್ಯಾಸದ ಬಗ್ಗೆ ಬರೆದ ಜೀವವಿಜ್ಞಾನಿಗಳಾದ ಪಾಮರ್, ಸ್ಟ್ರೋಬೆಕ್ 1986ರಲ್ಲೇ ಈ ಎಚ್ಚರಿಕೆ ಕೊಟ್ಟಿದ್ದಾರೆ. ಎದ್ದು ಹೋಗಿ, ಮತ್ತೆ ಬಂದು ಕೂತು ಇನ್ನೊಂದು ತೆಗೀರಿ. ಕೈ ಚಾಚಿ ಸೆಲ್ಫಿ ಬೇಡ, ಹತ್ತಿರದಿಂದ ಮೂಗು ದಪ್ಪ ಕಾಣುತ್ತೆ. ನಾನು 85 ಎಂಎಂ ಲೆನ್ಸ್ ಹಾಕಿ ಎರಡು ಮೀಟರ್ ದೂರ ನಿಲ್ತೀನಿ.

ರಾಯಚೂರು_ಬಿಸಿಲು:
85 ಎಂಎಂ ಯಾವುದು, ಎಫ್ 1.8 ಆ? ನನ್ನ ಹತ್ರ ಎರಡು ಸಾಫ್ಟ್‌ಬಾಕ್ಸ್ ಲೈಟ್ ಇವೆ, ಫೋಟೋ ಹಾಕ್ತೀನಿ ತಾಳಿ.