ಅಪ್‌ಡೇಟ್: ಇ-ಟಿಕೆಟ್ ಒಪ್ಪಂದ ಹೌದೋ ಅಲ್ವೋ?

ಹೋದ ತಿಂಗಳು ಕೇಳಿದ್ದೆನಲ್ಲ: ಬೆಂಗಳೂರು–ದೆಹಲಿ ವಿಮಾನ ರದ್ದಾದಾಗ ಕೌಂಟರ್‌ನವರು "ಇದು ಬರೀ ಮೇಲ್, ಸಹಿ ಹಾಕಿದ ಕರಾರು ಎಲ್ಲಿದೆ?" ಎಂದಿದ್ದರು. ಇ-ಟಿಕೆಟ್‌ಗೆ ಕಾನೂನಿನಲ್ಲಿ ಬೆಲೆ ಇದೆಯಾ ಎಂಬುದು ನನ್ನ ಪ್ರಶ್ನೆ.

ಇದೆ. ಟಿಕೆಟ್ಟಿನ ಮೇಲ್ ತೆರೆದು ಪರಿಚಯದ ವಕೀಲರ ಕೈಗೆ ಫೋನ್ ಕೊಟ್ಟೆ. ಅವರು ಪಿಎನ್‌ಆರ್ ಕಡೆ ನೋಡಲೇ ಇಲ್ಲ. ಕೆಳಗೆ ಇರುವೆ ಸಾಲಿನಂತಿದ್ದ ಷರತ್ತುಗಳನ್ನು ದೊಡ್ಡದು ಮಾಡಿ ಓದಿದರು. "ಒಪ್ಪಂದವೇ ಇಲ್ಲ ಅಂದ್ರೆ ಈ ಕ್ಯಾನ್ಸಲೇಶನ್ ಚಾರ್ಜ್ ಯಾವ ಆಧಾರದ ಮೇಲೆ ಹಿಡೀತಾರೆ?" ಎಂದರು. ನನಗಿದು ಹೊಳೆದೇ ಇರಲಿಲ್ಲ!

1872ರ ಕರಾರು ಕಾಯ್ದೆ ಎಲ್ಲ ಒಪ್ಪಂದಕ್ಕೂ ಕಾಗದ ಕೇಳುವುದಿಲ್ಲವಂತೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ಮುಂದೆ ತೆಗೆದು ನೋಡಲು ಸಿಗುವ ಎಲೆಕ್ಟ್ರಾನಿಕ್ ದಾಖಲೆಯೂ ಬರಹವೇ. ಎಲೆಕ್ಟ್ರಾನಿಕ್ ಅನ್ನುವ ಒಂದೇ ಕಾರಣಕ್ಕೆ ಒಪ್ಪಂದ ಬಿದ್ದುಹೋಗದು ಎನ್ನುತ್ತದೆ ಅದೇ ಕಾಯ್ದೆಯ 10ಎ ಸೆಕ್ಷನ್. ಅಷ್ಟಕ್ಕೂ 2008ರ ಜೂನ್‌ನಿಂದ ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಸಂಘ ಐಎಟಿಎ ಕಾಗದದ ಟಿಕೆಟ್ಟನ್ನೇ ನಿಲ್ಲಿಸಿದೆ. ಸಹಿ ಎಲ್ಲಿಂದ ತರೋಣ?

ಬೇಸರದ ವಿಷಯ, ಆ ಇರುವೆ ಸಾಲು ನನಗೂ ಅನ್ವಯ. ಓದದೆ ಟಿಕ್ ಹಾಕಿದ್ದು ನಾನೇ ಅಲ್ವಾ.

ಸ್ಕ್ರೀನ್‌ಶಾಟ್ ನಂಬಿ ಕೂರಬೇಡಿ, ಮೂಲ ಮೇಲ್ ಅಳಿಸಬೇಡಿ. ವಿಮಾನ ಸಂಸ್ಥೆಗೆ ನನ್ನ ನೋಟಿಸ್ ಹೋಗಿದೆ. ಉತ್ತರ ಬರದಿದ್ದರೆ ನಮ್ಮೂರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ದೂರು ಕೊಡುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿದೆ.