ಅಪ್‌ಡೇಟ್: ಟೇಪ್ ಆಪರೇಷನ್ ನಂತರದ ತೊಡೆಸಂದು ನೋವು

ಕೆಮ್ಮಿದರೆ, ಸೀನಿದರೆ ಮೂತ್ರ ಸೋರುತ್ತದೆಂದು ಟಿ.ಓ.ಟಿ. ಟೇಪ್ (ಮೂತ್ರನಾಳಕ್ಕೆ ಕೆಳಗಿನಿಂದ ಆಸರೆ ಕೊಡುವ ಬಲೆಯಂಥ ಪಟ್ಟಿ) ಹಾಕಿಸಿಕೊಂಡ ಮೇಲೆ ಬಲತೊಡೆಯ ಸಂದಿಯಲ್ಲಿ ಕರೆಂಟ್ ಹೊಡೆದಂಥ ನೋವು ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ. ‘ಗಾಯ ಮಾಗಲಿ’ ಅಂತಲೇ ಮೊದಲಿನ ಡಾಕ್ಟರು 4 ತಿಂಗಳು ಕಳೆದರು. ಸೊಂಟದ ಎಕ್ಸ್‌ರೇ ಬೇರೆ! ಕೊನೆಗೆ ನೀವು ಹೇಳಿದಂತೆ ಪೇನ್ ಕ್ಲಿನಿಕ್ಕಿಗೆ ಹೋದೆ. ತೊಡೆಯ ಒಳಭಾಗಕ್ಕೆ ಹೋಗುವ ಆಬ್ಚುರೇಟರ್ ನರ ಹಾಯುವ ಎಲುಬಿನ ಕಿಂಡಿಯಲ್ಲೇ ಈ ಟೇಪೂ ಹಾದುಹೋಗುತ್ತದಂತೆ. ನರದ ಪಕ್ಕ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಅರ್ಧ ಗಂಟೆಯಲ್ಲಿ ಆಟೋ ಹತ್ತಿದೆ, ಕಾಲನ್ನು ಕೈಯಿಂದ ಎತ್ತಿಡದೆ! ಸಂಜೆಗೆ ನೋವು ವಾಪಸ್. ಆದರೂ ಮೂಲ ಆ ನರವೇ ಅಂತ ಸುಳಿವು ಸಿಕ್ಕಿತು. ಈಗ ರಾತ್ರಿ ನರದ ನೋವಿಗೆ ಗ್ಯಾಬಾಪೆಂಟಿನ್ ಮಾತ್ರೆ, ಜೊತೆಗೆ ಫಿಸಿಯೋ. ಟೇಪ್ ತೆಗೆಸುವ ಮಾತೂ ಬಂದಿದೆ. ತೆಗೆದರೆ ಸೋರುವುದು ಮರಳಬಹುದು, ನೋವು ಪೂರ್ತಿ ಹೋಗುವ ಗ್ಯಾರಂಟಿಯೂ ಇಲ್ಲ. ಇನ್ನೊಬ್ಬ ಯುರೋಗೈನಕಾಲಜಿಸ್ಟ್ (ಹೆಂಗಸರ ಮೂತ್ರದ ತೊಂದರೆ ನೋಡುವ ತಜ್ಞರು) ಹತ್ತಿರ ಮುಂದಿನ ವಾರ ಹೋಗುತ್ತಿದ್ದೇನೆ.