ಸಹಾಯ ಬೇಕು: ಮಗನನ್ನು ಮತ್ತೆ ಬಾಸ್ಕೆಟ್‌ಬಾಲ್ ಅಭ್ಯಾಸಕ್ಕೆ ಕಳುಹಿಸಬಹುದೇ?

ಎಲ್ಲರಿಗೂ ನಮಸ್ಕಾರ. ಕೊರೊನಾದಿಂದ ನಿಂತಿದ್ದ ಬಾಸ್ಕೆಟ್‌ಬಾಲ್ ತರಬೇತಿ ಮುಂದಿನ ವಾರ ಪುನರಾರಂಭವಾಗಲಿದ್ದು, 13 ವರ್ಷದ ಮಗನನ್ನು ಕಳುಹಿಸುವುದೋ ಬೇಡವೋ ಎಂದು ತೀರ್ಮಾನಿಸಲಾಗದೆ ನಿಮ್ಮ ಸಲಹೆ ಕೇಳುತ್ತಿದ್ದೇನೆ. ಬಯಲಿನ ಆಟಗಳಿಗಿಂತ, ಕಿಟಕಿ ಮುಚ್ಚಿದ ಒಳಾಂಗಣದಲ್ಲಿ ಏದುಸಿರು ಬಿಡುತ್ತಾ ಮೈಗೆ ಮೈ ತಾಗಿಸಿ ಆಡುವಾಗ ಸೋಂಕು ಹರಡುವ ಸಾಧ್ಯತೆ ಹೆಚ್ಚೆಂಬುದು ಗೊತ್ತಿದೆ. ಮನೆಯಲ್ಲಿ ಮಧುಮೇಹವಿರುವ 74 ವರ್ಷದ ಅತ್ತೆಯವರೂ ಇದ್ದಾರೆ. ಆದರೆ ಅವನು ದಿನವಿಡೀ ಪರದೆಯ ಮುಂದೆ ಕುಳಿತು, ಸಂಜೆಯಾದರೆ ಒಬ್ಬನೇ ಗೋಡೆಗೆ ಚೆಂಡು ಬಡಿಯುತ್ತಾ ನಿಲ್ಲುವುದನ್ನು ನೋಡಲಾಗುತ್ತಿಲ್ಲ.

ಎರಡು ತಿಂಗಳ ಹಿಂದೆ ಅವನಿಗೂ ಸೋಂಕು ತಗುಲಿ ನಾಲ್ಕು ದಿನ ಜ್ವರವಿತ್ತು. ಅಪರೂಪಕ್ಕೆ ಹೃದಯದ ಸ್ನಾಯುವಿನಲ್ಲಿ ಉರಿಯೂತ ಉಂಟಾಗಬಹುದಾದ್ದರಿಂದ, ಎದೆನೋವು ಅಥವಾ ತಲೆಸುತ್ತು ಕಂಡರೆ ಕೂಡಲೇ ಆಟ ನಿಲ್ಲಿಸಬೇಕೆಂದು ವೈದ್ಯರು ಹೇಳಿದ್ದಾರೆ. ಗುಣಮುಖರಾದ ಮಕ್ಕಳನ್ನು ನೀವು ಎಷ್ಟು ನಿಧಾನವಾಗಿ ಆಟಕ್ಕೆ ಮರಳಿಸಿದಿರಿ? ಒಪ್ಪಿಗೆ ಕೊಡುವ ಮುನ್ನ ತರಬೇತುದಾರರನ್ನು ಏನೇನು ವಿಚಾರಿಸಬೇಕೆಂದು ದಯವಿಟ್ಟು ತಿಳಿಸಿ.